ಹೋಸ್ಟಿಂಗ್ ಪ್ಲಾನ್ ಬದಲಿಸುವ ಮುಂಚೆ ಲಾಗ್ ನೋಡಿ

ಸೈಟ್ ಸ್ಲೋ ಆಯಿತು, ಹೋಸ್ಟಿಂಗ್‌ನವರು ಸಿಪಿಯು ಲಿಮಿಟ್ ದಾಟಿದೆ ಅಂತ ಮೇಲ್ ಹಾಕಿದ್ದಾರೆ, ದೊಡ್ಡ ಪ್ಲಾನ್ ತಗೊಳ್ಳಬೇಕಾ? ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರ ಪ್ರಶ್ನೆ ಇದೇ. ದುಡ್ಡು ಕಟ್ಟುವ ಮುಂಚೆ ಸಿಪ್ಯಾನೆಲ್‌ಗೆ, ಅಂದರೆ ಹೋಸ್ಟಿಂಗ್‌ನವರು ಕೊಡುವ ನಿಯಂತ್ರಣ ಪುಟಕ್ಕೆ ಹೋಗಿ, ಸರ್ವರ್ ಬರೆದಿಡುವ ಆಕ್ಸೆಸ್ ಲಾಗ್ ಇಳಿಸಿಕೊಂಡು ಒಮ್ಮೆ ಓದಿ. ಓದುಗರನ್ನು ಎಣಿಸುವ ಅನಲಿಟಿಕ್ಸ್ ನೋಡಿದರೆ ಸಾಲದು. ಅದು ಬ್ರೌಸರ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿದರೆ ಮಾತ್ರ ಎಣಿಸುತ್ತದೆ, ಬಾಟ್‌ಗಳು, ಅಂದರೆ ತಾವಾಗಿಯೇ ಪುಟ ತೆರೆಯುತ್ತಾ ಹೋಗುವ ಪ್ರೋಗ್ರಾಂಗಳು, ಬಹಳಷ್ಟು ಸಲ ಅದನ್ನು ಓಡಿಸುವುದೇ ಇಲ್ಲ. ಅಲ್ಲಿ ಇಪ್ಪತ್ತು ಜನ ಬಂದಂತೆ ಕಂಡ ದಿನವೂ ಸರ್ವರ್ ಸಾವಿರಾರು ಸಲ ಪುಟ ಕಟ್ಟಿಕೊಟ್ಟಿರಬಹುದು.

ಲಾಗ್‌ನ ಒಂದೊಂದು ಸಾಲೂ ಸರ್ವರ್‌ಗೆ ಬಂದ ಒಂದೊಂದು ಕೋರಿಕೆ. ಮೊದಲಿಗೆ ಐಪಿ ವಿಳಾಸ, ಆಮೇಲೆ ಹೊತ್ತು, ಕೇಳಿದ ಪುಟ, 200 (ಪುಟ ಸಿಕ್ಕಿತು) ಅಥವಾ 404 (ಪುಟವಿಲ್ಲ) ಅಂತ ಉತ್ತರದ ಕೋಡ್, ಕೊನೆಗೆ ಯೂಸರ್ ಏಜೆಂಟ್, ಅಂದರೆ ಬಂದವನು ತಾನೇ ಹೇಳಿಕೊಂಡ ಹೆಸರು. ಪುಸ್ತಕ ಮಾರುವ ಒಂದು ಸಣ್ಣ ಸೈಟ್‌ನ ಲಾಗ್ ನೋಡಿದ್ದೆ. ಪುಸ್ತಕಗಳೇನೋ ಕೆಲವು ನೂರು, ಆದರೆ ಲೇಖಕ, ಪ್ರಕಾಶಕ, ಬೆಲೆ, ಭಾಷೆ, ಹೊಸದು ಮೊದಲು ಅಂತ ಫಿಲ್ಟರ್‌ಗಳಿದ್ದವು. ಒಂದೊಂದು ಜೋಡಣೆಗೂ ಬೇರೆ ಲಿಂಕ್. ಬಾಟ್ ಸುಮ್ನೆ ಒಂದಾದ ಮೇಲೊಂದು ಎಲ್ಲವನ್ನೂ ತೆರೆಯುತ್ತಾ ಹೋಗುತ್ತಿತ್ತು. ಯಾವ ಪುಟವನ್ನೂ ಎರಡನೇ ಸಲ ಕೇಳುತ್ತಿರಲಿಲ್ಲ, ಹಾಗಾಗಿ ಒಮ್ಮೆ ಕಟ್ಟಿದ ಪುಟವನ್ನು ಉಳಿಸಿಡುವ ಕ್ಯಾಶ್ ಇದ್ದೂ ಪ್ರಯೋಜನವಿಲ್ಲ, ಪ್ರತಿ ಸಲವೂ ಡೇಟಾಬೇಸ್‌ಗೆ ಕೆಲಸ.

ಇಂಥ ಹೊತ್ತಲ್ಲಿ ಎಲ್ಲರೂ ಮೊದಲು ಕೈ ಹಾಕುವುದು, ಬಾಟ್‌ಗಳು ಎಲ್ಲಿಗೆ ಬರಬಾರದು ಅಂತ ಬರೆದಿಡುವ ರೋಬೋಟ್ಸ್ ಡಾಟ್ ಟೆಕ್ಸ್ಟ್ ಫೈಲ್‌ಗೆ. 1994ರಲ್ಲಿ ಮಾರ್ಟಿನ್ ಕೋಸ್ಟರ್ ಮುಂದಿಟ್ಟ ಪದ್ಧತಿ ಅದು, 2022ರಲ್ಲಿ ಆರ್‌ಎಫ್‌ಸಿ 9309 ಅನ್ನುವ ಇಂಟರ್ನೆಟ್ ಮಾನದಂಡವೂ ಆಯಿತು. ಆದರೂ ಅದು ಗೋಡೆ ಮೇಲೆ ‘ಇಲ್ಲಿ ಮೂತ್ರ ಮಾಡಬಾರದು’ ಅಂತ ಬರೆದ ಹಾಗೆ, ಮರ್ಯಾದೆ ಇರುವವರು ಪಾಲಿಸುತ್ತಾರೆ ಅಷ್ಟೇ. ಅದರಲ್ಲಿ ಗುಟ್ಟಿನ ಫೋಲ್ಡರ್ ಹೆಸರು ಬರೆದಿಡುವವರೂ ಇದ್ದಾರೆ! ಆ ಫೈಲನ್ನು ಯಾರು ಬೇಕಾದರೂ ತೆರೆದು ಓದಬಹುದು, ಅಲ್ವಾ?

ನಿಜವಾಗಿ ತಡೆಯಬೇಕೆಂದರೆ ಸರ್ವರ್‌ಗೇ ಹೇಳಬೇಕು. ಸರ್ವರ್‌ನಲ್ಲಿ ಪುಟ ಕಳಿಸುವ ತಂತ್ರಾಂಶ ಅಪಾಚೆ ಆಗಿದ್ದರೆ ಡಾಟ್ ಎಚ್‌ಟಿಆಕ್ಸೆಸ್ ಫೈಲ್ ಸಾಕು. ಅಂಥದ್ದೇ ಇನ್ನೊಂದು ತಂತ್ರಾಂಶ ಎನ್‌ಜಿನ್‌ಎಕ್ಸ್‌ಗೆ ಆ ಫೈಲ್ ಗೊತ್ತೇ ಇಲ್ಲ, ಅಲ್ಲಿ ಮುಖ್ಯ ಕಾನ್ಫಿಗ್‌ನಲ್ಲೇ ಬರೆಯಬೇಕು. ಇಲ್ಲಿ ತಡೆದರೆ 403 (ಪ್ರವೇಶವಿಲ್ಲ) ಅಂತ ಒಂದು ಸಣ್ಣ ಉತ್ತರ ಹೋಗುತ್ತದೆ, ಪುಟ ಕಟ್ಟುವ ಪಿಎಚ್‌ಪಿ ಏಳುವುದೇ ಇಲ್ಲ. ವರ್ಡ್‌ಪ್ರೆಸ್ ಪ್ಲಗಿನ್ ಹಾಕಿ ಬಾಟ್ ತಡೆಯುವುದು ನನಗೆ ಅಷ್ಟು ಹಿಡಿಸದಿರುವುದು ಇದಕ್ಕೇ. ಆ ಪ್ಲಗಿನ್ ಓಡಬೇಕಾದರೆ ಸಾಮಾನ್ಯವಾಗಿ ಪಿಎಚ್‌ಪಿ ಎದ್ದಿರಲೇಬೇಕು.

ಹೆಸರು ಹೇಳಿಕೊಂಡು ಬರುವ ಬಾಟ್‌ಗಳು ಸುಲಭ. ಜಿಪಿಟಿಬಾಟ್, ಸಿಸಿಬಾಟ್, ಸೆಮ್‌ರಶ್‌ಬಾಟ್, ಹೀಗೆ ನಿಮಗೆ ಬೇಡದವನ್ನು ಯೂಸರ್ ಏಜೆಂಟ್ ನೋಡಿ ನಿಲ್ಲಿಸಬಹುದು. ಇದಕ್ಕೆ ನೆಟ್‌ನಲ್ಲಿ ಸಿಗುವ ಹಳೇ ತುಣುಕುಗಳನ್ನು ಹಾಗೇ ಅಂಟಿಸಬೇಡಿ. ಅವುಗಳಲ್ಲಿ ಆರ್ಡರ್, ಡಿನೈ ಅನ್ನುವ ಆಜ್ಞೆಗಳಿದ್ದರೆ ಅದು ಅಪಾಚೆ 2.2ರ ಕಾಲದ್ದು. 2.4ರಿಂದ ಅವುಗಳ ಜಾಗಕ್ಕೆ ರಿಕ್ವೈರ್ ಬಂದಿದೆ, ಎರಡನ್ನೂ ಬೆರೆಸಿದರೆ ಫಲಿತಾಂಶ ಊಹಿಸುವುದೇ ಕಷ್ಟ. ಡಾಟ್ ಎಚ್‌ಟಿಆಕ್ಸೆಸ್‌ನಲ್ಲಿ ಒಂದು ಅಕ್ಷರ ತಪ್ಪಿದರೂ ಇಡೀ ಸೈಟ್ 500 ಅಂತ ಸರ್ವರ್ ದೋಷ ತೋರಿಸಬಹುದು. ಹಳೇ ಫೈಲಿನ ಕಾಪಿ ಇಟ್ಟುಕೊಂಡೇ ಕೈ ಹಚ್ಚಿ.

ಗೂಗಲ್‌ಬಾಟ್ ಅಂತ ಹೇಳಿಕೊಂಡು ಬರುವವರೆಲ್ಲ ಗೂಗಲ್‌ನವರಲ್ಲ. ಅನುಮಾನ ಬಂದರೆ ಆ ಐಪಿಯ ರಿವರ್ಸ್ ಡಿಎನ್‌ಎಸ್, ಅಂದರೆ ಆ ಐಪಿ ಯಾವ ಹೆಸರಿಗೆ ಸೇರಿದೆ ಅನ್ನುವುದನ್ನು ನೋಡಿ. ಗೂಗಲ್‌ಬಾಟ್ ಡಾಟ್ ಕಾಮ್‌ನಲ್ಲಿ ಕೊನೆಯಾಗುವ ಹೆಸರು ಬಂದು, ಆ ಹೆಸರನ್ನು ತಿರುಗಿ ಹುಡುಕಿದಾಗ ಅದೇ ಐಪಿ ಸಿಕ್ಕರೆ ನಂಬಬಹುದು. ಇದನ್ನು ನೋಡದೆ ಅವಸರದಲ್ಲಿ ಅಸಲಿಯನ್ನೇ ತಡೆದರೆ ಹುಡುಕಾಟದಿಂದ ನಿಮ್ಮ ಪುಟಗಳು ಒಂದೊಂದಾಗಿ ಮಾಯವಾಗುತ್ತವೆ.

ಕಷ್ಟ ಕೊಡುವುದು ಕ್ರೋಮ್ ಅಂತ ಸುಳ್ಳು ಹೇಳಿಕೊಂಡು ಸಾವಿರ ಐಪಿಗಳಿಂದ ಬರುವವು. ಅವುಗಳ ಗುರುತು ಬಹಳಷ್ಟು ಸಲ ಲಾಗ್‌ನಲ್ಲೇ ಸಿಗುತ್ತದೆ, ಪುಟ ಮಾತ್ರ ಕೇಳುತ್ತವೆ, ಚಿತ್ರ, ಪುಟದ ಅಂದಕ್ಕೆ ಬೇಕಾದ ಸಿಎಸ್‌ಎಸ್ ಫೈಲ್ ಮುಟ್ಟುವುದಿಲ್ಲ. ಇಂಥವನ್ನು ಒಂದೊಂದೇ ಐಪಿ ಹಾಕಿ ತಡೆಯುತ್ತಾ ಕೂತರೆ ಮುಗಿಯುವುದಿಲ್ಲ. ಇನ್ನೊಂದು ಅಪಾಯವೂ ಇದೆ. ನಮ್ಮ ಮೊಬೈಲ್ ಕಂಪನಿಗಳು ಒಂದೇ ಐಪಿವಿ4 ವಿಳಾಸದ ಹಿಂದೆ ಬಹಳ ಗ್ರಾಹಕರನ್ನು ಕೂರಿಸುತ್ತವೆ, ಒಂದನ್ನು ತಡೆಯಲು ಹೋಗಿ ನಿಜವಾದ ಓದುಗರನ್ನೂ ಹೊರಗೆ ಹಾಕಿರುತ್ತೀರಿ. ಓದುಗರಿಗೂ ಸರ್ವರ್‌ಗೂ ನಡುವೆ ನಿಲ್ಲುವ ಕ್ಲೌಡ್‌ಫ್ಲೇರ್ ಸೇವೆ ಇದ್ದರಂತೂ, ಅಸಲಿ ವಿಳಾಸ ಬರುವ ಹಾಗೆ ಸರ್ವರನ್ನು ಹೊಂದಿಸದಿದ್ದರೆ, ಲಾಗ್‌ನಲ್ಲಿ ಕಾಣುವುದೇ ಕ್ಲೌಡ್‌ಫ್ಲೇರ್‌ನ ಐಪಿ. ಅದನ್ನು ತಡೆದರೆ ಗಿರಾಕಿಗಳೂ ಹೋದರು.

ಹಾಗಾಗಿ ಬಂದವರು ಯಾರು ಅನ್ನುವುದಕ್ಕಿಂತ ಎಲ್ಲಿಗೆ ಬಂದರು ಅನ್ನುವುದನ್ನು ನೋಡುವುದೇ ಮೇಲು. ಆ ಪುಸ್ತಕದ ಸೈಟ್‌ನಲ್ಲಿ ಮೂರಕ್ಕಿಂತ ಜಾಸ್ತಿ ಫಿಲ್ಟರ್ ಸೇರಿದ ಲಿಂಕ್‌ಗೆಲ್ಲ 403 ಕೊಡುವ ನಿಯಮ ಹಾಕಿದೆವು. ಹೆಚ್ಚಿನ ಹೊರೆ ಅಲ್ಲಿಗೇ ಇಳಿಯಿತು. ಅಷ್ಟೊಂದು ಫಿಲ್ಟರ್ ಒತ್ತಿ ಪುಸ್ತಕ ಹುಡುಕುವ ಮನುಷ್ಯರು ಅಪರೂಪ. ವರ್ಡ್‌ಪ್ರೆಸ್‌ನಲ್ಲಿ ಹೊರಗಿನ ಪ್ರೋಗ್ರಾಂಗಳು ಸೈಟ್ ಜೊತೆ ಮಾತಾಡಲು ಬಳಸುವ ಎಕ್ಸ್‌ಎಂಎಲ್‌ಆರ್‌ಪಿಸಿ ಫೈಲನ್ನೂ ಹೀಗೇ ಮುಚ್ಚಬಹುದು, ಜೆಟ್‌ಪ್ಯಾಕ್ ಪ್ಲಗಿನ್ ಅಥವಾ ವರ್ಡ್‌ಪ್ರೆಸ್‌ನ ಮೊಬೈಲ್ ಆ್ಯಪ್ ಬಳಸದಿದ್ದರೆ ಮಾತ್ರ. ನಿಮ್ಮದೇ ವಿಪಿಎಸ್ (ನಿಮಗೇ ಬಿಟ್ಟುಕೊಟ್ಟ ವರ್ಚುವಲ್ ಸರ್ವರ್) ಇದ್ದರೆ ಎನ್‌ಜಿನ್‌ಎಕ್ಸ್‌ನಲ್ಲಿ ಸೆಕೆಂಡಿಗೆ ಇಷ್ಟೇ ಅಂತ ಮಿತಿ ಹಾಕಿ, ಮೀರಿದವರಿಗೆ 429 (ಕೋರಿಕೆ ಅತಿಯಾಯಿತು) ಕಳಿಸಬಹುದು. ಹಲವರ ಸೈಟ್‌ಗಳು ಒಂದೇ ಸರ್ವರ್ ಹಂಚಿಕೊಳ್ಳುವ ಶೇರ್ಡ್ ಹೋಸ್ಟಿಂಗ್‌ನಲ್ಲಿ ಸಾಮಾನ್ಯವಾಗಿ ಅದು ನಿಮ್ಮ ಕೈಯಲ್ಲಿರುವುದಿಲ್ಲ.

ನಿಯಮ ಹಾಕಿದ ಮೇಲೆ ಕರ್ಲ್ ಅನ್ನುವ ಕಮಾಂಡ್‌ನಲ್ಲಿ ಆ ಬಾಟ್‌ನ ಹೆಸರು ಕೊಟ್ಟು ಪುಟ ಕೇಳಿ ನೋಡಿ, 403 ಬರಬೇಕು. ಮಾಮೂಲಿ ಬ್ರೌಸರ್‌ಗೆ 200 ಬರಬೇಕು. ಮರುದಿನ ಲಾಗ್ ಉದ್ದ ಕಡಿಮೆಯಾಗದಿದ್ದರೆ ಗಾಬರಿ ಬೇಡ, ತಡೆದ ಕೋರಿಕೆಯೂ ಅಲ್ಲಿ ಬರೆದಿರುತ್ತದೆ, ಕೋಡ್ ಬದಲಾಗಿದೆಯಾ ಅಂತಷ್ಟೇ ನೋಡಿ. ಅಂಗಡಿ ಸೈಟ್ ಆದರೆ ಯೂಸರ್ ಏಜೆಂಟ್ ಖಾಲಿ ಇದ್ದವರನ್ನೆಲ್ಲ ಕಣ್ಣು ಮುಚ್ಚಿ ತಡೆಯಲು ಹೋಗಬೇಡಿ. ದುಡ್ಡು ಬಂತು ಅಂತ ಪೇಮೆಂಟ್ ಗೇಟ್‌ವೇ ಕಳಿಸುವ ವೆಬ್‌ಹುಕ್ ಸಂದೇಶ ಕೂಡ ಹಾಗೆ ಬರಬಹುದು, ಆಗ ಗಿರಾಕಿ ಖಾತೆಯಿಂದ ದುಡ್ಡು ಕಟ್ ಆಗಿದ್ದರೂ ನಿಮ್ಮಲ್ಲಿ ಆರ್ಡರ್ ಪೆಂಡಿಂಗ್ ಅಂತಲೇ ಕೂತಿರುತ್ತದೆ.