ಬಾಲಂಗೋಚಿ ಇಲ್ಲದ ಪಟ

ಯಲಹಂಕದಲ್ಲಿ ಏರ್ ಶೋ ಹತ್ತಿರ ಬಂತು ಅನ್ನೋದು ನಮಗೆ ಮೊದಲು ಗೊತ್ತಾಗುವುದು ಮಟನ್ ಅಂಗಡಿಯಿಂದ. ವಾಯುನೆಲೆಯ ಸುತ್ತಮುತ್ತ ಮಾಂಸ ಮಾರುವ ಹಾಗಿಲ್ಲ ಎಂದು ಪಾಲಿಕೆ ಆದೇಶ ಹೊರಡಿಸುತ್ತದೆ. 2025ರಲ್ಲಿ 13 ಕಿಲೋಮೀಟರ್ ಒಳಗಿನ ಅಂಗಡಿಗಳೆಲ್ಲ ಮೂರು ವಾರಕ್ಕಿಂತ ಜಾಸ್ತಿ ಬಾಗಿಲು ಹಾಕಿದ್ದವು. ಕಾರಣ ಹದ್ದುಗಳು. ಅಂಗಡಿ ಹಿಂದೆ ಬಿಸಾಡುವ ಚೂರುಪಾರಿಗೆ ಅವು ಆಕಾಶದಲ್ಲಿ ಸುತ್ತು ಹಾಕುತ್ತಲೇ ಇರುತ್ತವೆ. ಒಂದೇ ಒಂದು ಹದ್ದು ಎಂಜಿನ್ ಒಳಗೆ ಹೊಕ್ಕರೆ ಸಾಕು, ನೂರಾರು ಕೋಟಿಯ ವಿಮಾನ ನೆಲ ಕಚ್ಚಬಹುದು.

ಆ ಫೆಬ್ರವರಿಯಲ್ಲಿ ನಾನು ಯಲಹಂಕ ನ್ಯೂಟೌನಿನ ಅಕ್ಕನ ಮನೆ ತಾರಸಿ ಮೇಲಿದ್ದೆ. ಅಕ್ಕಪಕ್ಕದ ತಾರಸಿಗಳ ಮೇಲೂ ಜನವೋ ಜನ. ಆ ಸಲ ಅಮೆರಿಕದ ಎಫ್-35 ಮತ್ತು ರಷ್ಯಾದ ಸುಖೋಯ್-57 ಎರಡೂ ಬಂದಿದ್ದವು. ಏರೋ ಇಂಡಿಯಾಕ್ಕೆ ಇವೆರಡೂ ಒಟ್ಟಿಗೆ ಬಂದಿದ್ದು ಅದೇ ಮೊದಲು. ಯುದ್ಧ ಅಂತಾದರೆ ಒಂದನ್ನೊಂದು ಹೊಡೆದು ಉರುಳಿಸಬೇಕಾದವು, ಇಲ್ಲಿ ಒಂದೇ ಕಾಂಪೌಂಡಿನೊಳಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದವು. ಸುಖೋಯ್ ಓರೆಯಾಗಿ ಮೇಲೆದ್ದಾಗ ನೀರಿನ ಟ್ಯಾಂಕಿನ ಮುಚ್ಚಳ ಗಡಗಡ ಅಂದಿತು. ಏಳನೇ ಕ್ಲಾಸಿನ ಅಕ್ಕನ ಮಗ ಕಿವಿ ಮುಚ್ಚಿಕೊಂಡೇ ಕೂಗಿ ಕೇಳಿದ: "ಮಾಮ, ಅದರ ಬಾಲ ಯಾಕೆ ಸೊಟ್ಟಗಿದೆ? ನೆಟ್ಟಗಿರಬೇಕಲ್ವಾ?"

ಒಳ್ಳೇ ಪ್ರಶ್ನೆ. ಉತ್ತರ ಅವನ ಸೈಕಲ್ಲಿಗೇ ಅಂಟಿಕೊಂಡಿತ್ತು.

ಸೈಕಲ್ಲಿನ ಹಿಂದೆ ಕೆಂಪು ರಿಫ್ಲೆಕ್ಟರ್ ಇರುತ್ತದಲ್ಲ, ಅದನ್ನು ಹತ್ತಿರದಿಂದ ನೋಡಿ. ಒಳಗೆ ಸಣ್ಣ ಸಣ್ಣ ಗುಳಿಗಳು. ಕೋಣೆಯ ಮೂಲೆಯಲ್ಲಿ ಎರಡು ಗೋಡೆ ಮತ್ತು ನೆಲ ಸೇರುತ್ತವಲ್ಲ, ಪ್ರತಿ ಗುಳಿಯೂ ಅಂಥ ಒಂದು ಮೂಲೆ. ಮೂರು ಮುಖ, ಒಂದಕ್ಕೊಂದು ಲಂಬ. ಇಂಥ ಮೂಲೆಯ ಗುಣವೇನೆಂದರೆ, ಬೆಳಕು ಯಾವ ಕಡೆಯಿಂದ ಬಂದರೂ ಮೂರು ಸಲ ಪುಟಿದು ಬಂದ ದಾರಿಯಲ್ಲೇ ವಾಪಸ್ ಹೋಗುತ್ತದೆ. ಹಾಗಾಗಿಯೇ ಹಿಂದಿನಿಂದ ಬರುವ ಲಾರಿಯ ಹೆಡ್‌ಲೈಟ್ ಬೆಳಕು ಆ ಲಾರಿ ಡ್ರೈವರ್ ಕಣ್ಣಿಗೇ ಮರಳುತ್ತದೆ. ಎರಡು ಕೈಗನ್ನಡಿಗಳನ್ನು ಟೇಪಿನಿಂದ ಪುಸ್ತಕದ ಹಾಗೆ ಜೋಡಿಸಿ ಸರಿಯಾಗಿ 90 ಡಿಗ್ರಿಗೆ ತೆರೆದು ನೋಡಿ. ನೀವು ಎಡಕ್ಕೆ ಸರಿದರೂ ಬಲಕ್ಕೆ ಸರಿದರೂ ಸಂದಿಯಲ್ಲಿ ನಿಮ್ಮ ಮುಖವೇ ಕಾಣುತ್ತದೆ. 110 ಡಿಗ್ರಿಗೆ ಅಗಲಿಸಿ, ಆಟ ಮುಗಿಯಿತು.

ಹಳೇ ಕಾಲದ ಫೈಟರ್ ವಿಮಾನ ನೆನಪಿಸಿಕೊಳ್ಳಿ. ರೆಕ್ಕೆ ಅಡ್ಡ, ಬಾಲ ನೆಟ್ಟಗೆ. ನಡುವೆ ಪಕ್ಕಾ 90 ಡಿಗ್ರಿಯ ಮೂಲೆ. ಅಲೆ ಬಿಟ್ಟು, ಅದು ಪುಟಿದು ಬಂದರೆ ವಿಮಾನವನ್ನು ಗುರುತಿಸುವ ಶತ್ರುವಿನ ರೇಡಾರ್‌ಗೆ ಕಾಣಲಿ ಅಂತ ನಾವೇ ಬೆನ್ನಿಗೆ ರಿಫ್ಲೆಕ್ಟರ್ ಕಟ್ಟಿಕೊಂಡು ಹೊರಟ ಹಾಗೆ. ಬಾಲವನ್ನು ಓರೆ ಮಾಡಿದರೆ ಆ ಮೂಲೆ ಒಡೆಯುತ್ತದೆ, ರೇಡಾರ್ ಅಲೆ ಬೇರೆಲ್ಲೋ ಚಿಮ್ಮಿ ಹೋಗುತ್ತದೆ. ಅಲೆಯನ್ನು ಹೀರುವ ಬಣ್ಣವೂ ಉಂಟು. ಆದರೆ ರೇಡಾರ್ ಕಣ್ಣು ತಪ್ಪಿಸುವ ಸ್ಟೆಲ್ತ್ ವಿಮಾನದ ಹೆಚ್ಚಿನ ಕೆಲಸ ಆಗುವುದು ಬಣ್ಣದಿಂದಲ್ಲ, ಮೈಕಟ್ಟಿನಿಂದ.

ಇದರ ಲೆಕ್ಕ ಬಂದ ಕಥೆ ಸ್ವಾರಸ್ಯವಾಗಿದೆ. ಲೋಹದ ಅಂಚಿಗೆ ತಾಗಿದ ಅಲೆ ಹೇಗೆ ಚದುರುತ್ತದೆ ಎಂದು ಲೆಕ್ಕ ಹಾಕುವ ವಿಧಾನವನ್ನು ಪ್ಯೋಟರ್ ಉಫಿಮ್ತ್ಸೆವ್ ಎಂಬ ಸೋವಿಯತ್ ವಿಜ್ಞಾನಿ 1962ರಲ್ಲಿ ಮಾಸ್ಕೋದಲ್ಲೇ ಪ್ರಕಟಿಸಿದರು. ಅದರಿಂದ ಯುದ್ಧಕ್ಕೆ ಏನಾದರೂ ಉಪಯೋಗ ಆದೀತು ಎಂದು ಅಲ್ಲಿಯ ಯಾರಿಗೂ ಅನ್ನಿಸಲಿಲ್ಲ. ಅಮೆರಿಕದ ವಾಯುಪಡೆ 1971ರಲ್ಲಿ ಅದನ್ನು ಇಂಗ್ಲಿಷಿಗೆ ಮಾಡಿಸಿತು. ಲಾಕ್‌ಹೀಡ್ ಕಂಪನಿಯ ಡೆನಿಸ್ ಓವರ್‌ಹೋಲ್ಸರ್ ಎಂಬ ಗಣಿತಜ್ಞ ಅದನ್ನು ಓದಿ ಕಂಪ್ಯೂಟರ್ ಪ್ರೋಗ್ರಾಂ ಬರೆದರು. ಆಗಿನ ಕಂಪ್ಯೂಟರಿಗೆ ಬಾಗಿದ ಮೈಯ ಲೆಕ್ಕ ಹಾಕುವಷ್ಟು ತಾಕತ್ತಿರಲಿಲ್ಲ. ಚಪ್ಪಟೆ ಹಲಗೆಗಳ ಲೆಕ್ಕ ಮಾತ್ರ ಆಗುತ್ತಿತ್ತು. ಅದೇ ಕಂಪನಿಯ ಸ್ಟೆಲ್ತ್ ವಿಮಾನ ಎಫ್-117 ಕೆತ್ತಿದ ಹರಳಿನ ಹಾಗೆ ಮೂಲೆ ಮೂಲೆಯಾಗಿ ಇದ್ದದ್ದು ಇದಕ್ಕೇ. ಕಂಪ್ಯೂಟರ್ ಬಲಿತ ಮೇಲೆ ಬಂದ ಬಿ-2 ಬಾಂಬರ್ ನೋಡಿ, ಎಲ್ಲ ನುಣುಪು ಬಾಗು.

ಎಫ್-117ಕ್ಕೂ ಮೊದಲು 1977ರಲ್ಲಿ ಹಾರಿದ ಪ್ರಯೋಗದ ವಿಮಾನದ ಪರೀಕ್ಷೆಯಲ್ಲಿ ಒಂದು ದಿನ ರೇಡಾರ್ ಪರದೆ ಇದ್ದಕ್ಕಿದ್ದಂತೆ ಬೆಳಗಿಬಿಟ್ಟಿತಂತೆ. ಹುಡುಕಿದರೆ ಮೂರು ಸ್ಕ್ರೂ ಪೂರ್ತಿ ಬಿಗಿಯಾಗಿರಲಿಲ್ಲ, ಕೂದಲೆಳೆಯಷ್ಟು ಮೇಲೆದ್ದಿದ್ದವು. ರೇಡಾರ್ ಅಲೆ ಬಡಿದಾಗ ಲೋಹದ ಮೈಮೇಲೆ ವಿದ್ಯುತ್ ಹರಿಯುತ್ತದೆ. ಹರಿಯುವ ದಾರಿಯಲ್ಲಿ ಸಂದಿಯೋ ಉಬ್ಬೋ ಸಿಕ್ಕಿದರೆ ಅಲ್ಲಿಂದ ಮತ್ತೆ ಅಲೆ ಏಳುತ್ತದೆ. ಸ್ಟೆಲ್ತ್ ವಿಮಾನಗಳ ಬಾಗಿಲಿನ ಅಂಚುಗಳನ್ನು ಗರಗಸದ ಹಲ್ಲಿನ ಹಾಗೆ ಕತ್ತರಿಸಿರುವುದು ಅಂದಕ್ಕಲ್ಲ. ಏಳುವ ಅಲೆ ಬಂದ ಕಡೆಗೇ ತಿರುಗದಿರಲಿ ಅಂತ.

ಇಷ್ಟೆಲ್ಲ ಪಾಡು ಪಟ್ಟು ಸಿಗುವುದೇನು ಗೊತ್ತೇ? ರೇಡಾರ್ ಅಲೆ ಹೋಗುವಾಗಲೂ ಹರಡಿ ತೆಳುವಾಗುತ್ತದೆ, ಪುಟಿದು ಬರುವಾಗಲೂ ಹರಡಿ ತೆಳುವಾಗುತ್ತದೆ. ದೂರ ಎರಡು ಪಟ್ಟಾದರೆ ಹೋಗುವಾಗ ನಾಲ್ಕನೇ ಒಂದು ಪಾಲು, ಬರುವಾಗ ಅದರಲ್ಲೂ ನಾಲ್ಕನೇ ಒಂದು ಪಾಲು, ಒಟ್ಟು ಹದಿನಾರನೇ ಒಂದು. ಇದನ್ನೇ ತಿರುಗಿಸಿ ನೋಡಿ. 400 ಕಿಲೋಮೀಟರ್‌ನಲ್ಲಿ ಕಾಣುವ ವಿಮಾನ 200ಕ್ಕೆ ಬಂದ ಮೇಲಷ್ಟೇ ಕಾಣಬೇಕು ಅಂದರೆ ಅದರ ಪ್ರತಿಫಲನವನ್ನು 16 ಪಟ್ಟು ತಗ್ಗಿಸಬೇಕು. 40 ಕಿಲೋಮೀಟರ್‌ಗೆ ಬರುವವರೆಗೂ ಕಾಣಬಾರದು ಅಂದರೆ 10,000 ಪಟ್ಟು! ಅಷ್ಟು ಮಾಡಿದರೂ ವಿಮಾನ ಮಾಯವಾಗುವುದಿಲ್ಲ. ತಡವಾಗಿ ಕಾಣುತ್ತದೆ, ಅಷ್ಟೇ. ಆ ತಡವೇ ಪೈಲಟ್‌ಗೆ ಸಿಗುವ ಲಾಭ.

ಎದುರಿನವರೂ ಸುಮ್ನೆ ಕೂರುವುದಿಲ್ಲ. ನಮ್ಮ ತಾರಸಿ ಮೇಲೆ ಇನ್ನೂ ದೂರದರ್ಶನ ಕಾಲದ ಆಂಟೆನಾ ಒಂದಿದೆ, ಅಲ್ಯೂಮಿನಿಯಂ ಕಡ್ಡಿಗಳದ್ದು. ಆ ಕಡ್ಡಿಗಳ ಉದ್ದ ಟಿವಿ ಅಲೆಯ ಸುಮಾರು ಅರ್ಧ. ಕಡ್ಡಿಯ ಉದ್ದ ಹೀಗೆ ಅಲೆಗೆ ಹೊಂದಿದರೆ ಅದು ಪೂರ್ತಿ ಮಿಡಿಯುತ್ತದೆ. ಫೈಟರ್ ವಿಮಾನದ ಮೂತಿಯಲ್ಲಿರುವ ರೇಡಾರಿನ ಅಲೆ ಮೂರು ಸೆಂಟಿಮೀಟರ್ ಆಸುಪಾಸಿನದು. ಅಷ್ಟು ಚಿಕ್ಕ ಅಲೆಗೆ ಬಾಲ ಒಂದು ದೊಡ್ಡ ಕನ್ನಡಿ, ಓರೆ ಮಾಡಿದರೆ ಮುಗಿಯಿತು. ಆದರೆ ಎರಡು ಮೀಟರ್ ಅಲೆಯ ಹಳೇ ಮಾದರಿ ರೇಡಾರ್ ಎದುರಾದರೆ? ಆಗ ಬಾಲ ಕನ್ನಡಿಯಾಗಿ ಉಳಿಯುವುದಿಲ್ಲ, ಆಂಟೆನಾ ಕಡ್ಡಿಯೇ ಆಗುತ್ತದೆ. ಯಾವ ಓರೆಗೆ ತಿರುಗಿಸಿದರೂ ಮಿಡಿದು ತನ್ನ ಗುಟ್ಟು ತಾನೇ ಬಿಟ್ಟುಕೊಡುತ್ತದೆ.

1999ರ ಮಾರ್ಚ್ 27ರ ರಾತ್ರಿ ಸರ್ಬಿಯಾದ ಸೈನಿಕರು ಎಫ್-117 ಒಂದನ್ನು ಹೊಡೆದುರುಳಿಸಿದರು. ಮೊದಲು ಸುಳಿವು ಕೊಟ್ಟದ್ದು ಉದ್ದ ಅಲೆಯ ಪಿ-18 ರೇಡಾರ್. ಹೊಡೆದದ್ದು 1960ರ ದಶಕದ ಕ್ಷಿಪಣಿ ವ್ಯವಸ್ಥೆ. ನಮ್ಮ ವಾಯುಪಡೆಯವರು ಪೆಚೋರಾ ಅಂತ ಕರೆಯುವುದು ಅದನ್ನೇ. ಉದ್ದ ಅಲೆಯ ರೇಡಾರ್ ಗುರಿಯನ್ನು ಕರಾರುವಾಕ್ಕಾಗಿ ತೋರಿಸುವುದಿಲ್ಲ. "ಆ ಕಡೆ ಏನೋ ಇದೆ ನೋಡ್ರಪ್ಪ" ಎನ್ನುತ್ತದೆ, ಅಷ್ಟೇ. ಅವತ್ತು ಅಷ್ಟೇ ಸಾಕಾಯಿತು.

ಹಾಗಾದರೆ ಬಾಲವನ್ನೇ ಕಿತ್ತುಹಾಕಿದರೆ? ಮುಂದಿನ ಪೀಳಿಗೆಯ ವಿಮಾನಗಳು ಹೊರಟಿರುವುದು ಈ ಕಡೆಗೇ.

2024ರ ಡಿಸೆಂಬರ್ 26ರಂದು ಚೀನಾದ ಚೆಂಗ್ಡು ಊರಿನ ಮೇಲೆ ಹಾಡಹಗಲೇ ಒಂದು ವಿಮಾನ ಹಾರಿತು. ಮೂರು ಎಂಜಿನ್, ನೆಟ್ಟಗಿರುವ ಬಾಲ ಸುತರಾಂ ಇಲ್ಲ. ರಸ್ತೆಯಲ್ಲಿದ್ದವರು ಮೊಬೈಲಿನಲ್ಲಿ ಹಿಡಿದ ವಿಡಿಯೊ ಗಂಟೆಯೊಳಗೆ ಲೋಕಕ್ಕೆಲ್ಲ ಹಬ್ಬಿತು. ಜೆ-36 ಎಂಬ ಹೆಸರು ಕೂಡ ನೋಡಿದವರೇ ಇಟ್ಟಿದ್ದು, ಸರ್ಕಾರದ್ದಲ್ಲ. ಅದೇ ದಿನ ಶೆನ್ಯಾಂಗ್ ಕಾರ್ಖಾನೆಯ ಇನ್ನೊಂದು ಬಾಲವಿಲ್ಲದ ವಿಮಾನವೂ ಕಾಣಿಸಿತು. ಮೂರು ತಿಂಗಳೊಳಗೆ, 2025ರ ಮಾರ್ಚ್ 21ರಂದು, ಟ್ರಂಪ್ ತಮ್ಮ ಕಚೇರಿಯಲ್ಲಿ ಕೂತು ಎಫ್-47 ಘೋಷಿಸಿದರು. ಕಟ್ಟುವುದು ಬೋಯಿಂಗ್. ತೋರಿಸಿದ ಚಿತ್ರದಲ್ಲಿ ಮೂತಿ ಸ್ಪಷ್ಟ, ಹಿಂಭಾಗವೆಲ್ಲ ಮಂಜು ಮಂಜು. ಟ್ರಂಪ್ 47ನೇ ಅಧ್ಯಕ್ಷರು. ಬೇಕಾದರೆ ಕಾಕತಾಳೀಯ ಅಂದುಕೊಳ್ಳಿ. ಬ್ರಿಟನ್, ಜಪಾನ್, ಇಟಲಿ ಸೇರಿ ಒಂದು ಮಾಡುತ್ತಿವೆ. ಫ್ರಾನ್ಸ್, ಜರ್ಮನಿ, ಸ್ಪೇನ್ ಇನ್ನೊಂದಕ್ಕೆ ಕೈ ಹಾಕಿ, ಯಾರಿಗೆ ಎಷ್ಟು ಪಾಲು ಅಂತ ಜಗಳದಲ್ಲೇ ವರ್ಷಗಳನ್ನು ಕಳೆದಿವೆ.

ಬಾಲ ಕೀಳುವುದು ಸುಲಭವೇನಲ್ಲ. ಆಷಾಢದ ಗಾಳಿಗೆ ಪಟ ಹಾರಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಾಲಂಗೋಚಿ ಕಟ್ಟದೆ ಬಿಟ್ಟರೆ ಪಟ ಎರಡು ಸುತ್ತು ತಿರುಗಿ ಗೋತಾ ಹೊಡೆಯುತ್ತದೆ. ವಿಮಾನದ ನಿಂತ ಬಾಲವೂ ಅದೇ ಕೆಲಸದ್ದು. ಮೂತಿ ಆಚೀಚೆ ಹೊರಳಿದರೆ ಗಾಳಿ ಬಾಲವನ್ನು ತಳ್ಳಿ ಮತ್ತೆ ನೇರ ಮಾಡುತ್ತದೆ. ಬಾಲ ಇಲ್ಲದಿದ್ದರೆ ಈ ತಿದ್ದುವ ಕೆಲಸವನ್ನು ಕಂಪ್ಯೂಟರ್ ಮಾಡಬೇಕು, ಸೆಕೆಂಡಿಗೆ ಹತ್ತಾರು ಸಲ. ಬಿ-2 ಬಾಂಬರ್ 1989ರಿಂದಲೂ ಹಾಗೇ ಹಾರುತ್ತಿದೆ. ರೆಕ್ಕೆಯ ತುದಿಯಲ್ಲಿ ಮೊಸಳೆ ಬಾಯಿಯಂತೆ ಬಿಚ್ಚಿಕೊಳ್ಳುವ ಫಲಕಗಳಿವೆ. ಎಡಗಡೆಯದು ಬಾಯಿ ಬಿಟ್ಟರೆ ಅಲ್ಲಿ ಗಾಳಿಯ ತಡೆ ಜಾಸ್ತಿಯಾಗಿ ಮೂತಿ ಎಡಕ್ಕೆ ಹೊರಳುತ್ತದೆ. ಚೆಂಗ್ಡು ವಿಮಾನದ ಫೋಟೋಗಳಲ್ಲೂ ಇಂಥ ಫಲಕ ಕಾಣುತ್ತದೆ. ಆದರೆ ಬಾಂಬರ್ ಬಸ್ಸಿನ ಹಾಗೆ ನೇರ ಹೋಗುವ ಪ್ರಾಣಿ. ಗಿರ್ರೆಂದು ತಿರುಗಬೇಕಾದ ಫೈಟರ್‌ಗೆ ಇದು ಬಲು ಕಷ್ಟ. ನಾಸಾ 1997ರಲ್ಲಿ ಎಕ್ಸ್-36 ಎಂಬ ಬಾಲವಿಲ್ಲದ ಚಿಕ್ಕ ಮಾದರಿ ಹಾರಿಸಿ ಆಗುತ್ತದೆ ಎಂದು ತೋರಿಸಿತ್ತು, ಅದೂ ಪೈಲಟ್ಟನ್ನು ನೆಲದ ಮೇಲೆ ಕೂರಿಸಿ.

ಅಂದಹಾಗೆ, ಹದ್ದಿಗೂ ನಿಂತ ಬಾಲ ಇಲ್ಲ. ಇರುವುದು ಮಲಗಿದ ಬಾಲ, ಅದನ್ನೇ ತಿರುಚಿ ತಿರುಗುತ್ತದೆ.

ಈ ವಿದ್ಯೆ ಬೆಂಗಳೂರಿಗೆ ಹೊಸದೇನಲ್ಲ. ನಮ್ಮ ತೇಜಸ್‌ಗೆ ನಿಂತ ಬಾಲ ಇದೆ, ಮಲಗಿದ ಬಾಲ ಇಲ್ಲ. ಚುರುಕಾಗಿ ತಿರುಗಲಿ ಅಂತ ಅದನ್ನು ಬೇಕೆಂದೇ ಅಸ್ಥಿರವಾಗಿ ಕಟ್ಟಿದ್ದಾರೆ, ಕಂಪ್ಯೂಟರ್ ಕೈಬಿಟ್ಟರೆ ಕತೆ ಮುಗಿದಂತೆ. 1998ರ ಪೋಖ್ರಾನ್ ಸ್ಫೋಟದ ನಂತರ ಅಮೆರಿಕ ನಿರ್ಬಂಧ ಹಾಕಿ, ಈ ನಿಯಂತ್ರಣ ತಂತ್ರಾಂಶಕ್ಕೆ ಕೊಡುತ್ತಿದ್ದ ಸಹಾಯ ನಿಲ್ಲಿಸಿತು. ಇಲ್ಲಿಯ ಎನ್‌ಎಎಲ್ ಮತ್ತು ಎಡಿಎ ಎಂಬ ಸರ್ಕಾರಿ ಸಂಸ್ಥೆಗಳ ವಿಜ್ಞಾನಿಗಳು ತಾವೇ ಬರೆದು ಮುಗಿಸಿದರು. 2001ರ ಜನವರಿ 4ರಂದು ಎಚ್‌ಎಎಲ್ ರನ್‌ವೇಯಿಂದ ವಿಂಗ್ ಕಮಾಂಡರ್ ರಾಜೀವ್ ಕೊಠಿಯಾಲ್ ಅದನ್ನು 18 ನಿಮಿಷ ಹಾರಿಸಿ ಇಳಿಸಿದರು.

ಅದೇ ಎಡಿಎ ಈಗ ಎಎಂಸಿಎ ಎಂಬ ಸ್ಟೆಲ್ತ್ ವಿಮಾನ ಮಾಡುತ್ತಿದೆ. 25 ಟನ್, ಎರಡು ಎಂಜಿನ್, ಬಾಂಬು ಕ್ಷಿಪಣಿಗಳೆಲ್ಲ ಹೊಟ್ಟೆಯೊಳಗೆ. 2024ರ ಮಾರ್ಚ್‌ನಲ್ಲಿ ಕೇಂದ್ರ 15,000 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು. ಯಲಹಂಕದಲ್ಲಿ ಅದರ ನಿಜ ಗಾತ್ರದ ಮಾದರಿ ಇಟ್ಟಿದ್ದರು. ಬಾಲ ಎರಡು, ಓರೆ. ಚೀನಾ ಬಾಲವನ್ನೇ ತೆಗೆದಾಗ ನಾವಿನ್ನೂ ಓರೆ ಮಾಡುತ್ತಿದ್ದೇವಲ್ಲ ಎಂದು ಮೂಗು ಮುರಿಯುವವರಿದ್ದಾರೆ. ನನಗೆ ಆ ಚಿಂತೆ ಇಲ್ಲ. ಬಾಲದ ಲೆಕ್ಕ ನಮ್ಮವರಿಗೆ ಬರುತ್ತದೆ. ನನಗೆ ಹೆದರಿಕೆ ಎಂಜಿನ್ನಿನದು. ಸಿ.ವಿ. ರಾಮನ್ ನಗರದ ಎಂಜಿನ್ ಸಂಶೋಧನಾ ಸಂಸ್ಥೆ ಜಿಟಿಆರ್‌ಇಯಲ್ಲಿ 1989ರಲ್ಲಿ ಶುರುವಾದ ಕಾವೇರಿ ಎಂಜಿನ್ನನ್ನು 2008ರಲ್ಲಿ ತೇಜಸ್‌ನಿಂದ ಬೇರ್ಪಡಿಸಬೇಕಾಯಿತು. ಟರ್ಬೈನ್ ಬ್ಲೇಡಿಗೆ ಬಡಿಯುವ ಅನಿಲ ಆ ಬ್ಲೇಡಿನ ಲೋಹ ಕರಗುವುದಕ್ಕಿಂತ ಜಾಸ್ತಿ ಬಿಸಿ. ಒಂದೇ ಹರಳಾಗಿ ಎರಕ ಹೊಯ್ದ ಬ್ಲೇಡು, ಅದರಲ್ಲಿ ಗಾಳಿ ಆಡಲು ಸೂಜಿ ರಂಧ್ರ. ಈ ಕೈಗುಣ ಇರುವ ದೇಶಗಳು ಬೆರಳೆಣಿಕೆಯಷ್ಟು, ಅವು ಸುಲಭಕ್ಕೆ ಯಾರಿಗೂ ಕಲಿಸುವುದಿಲ್ಲ. ಎಎಂಸಿಎ ಮೊದಲಿಗೆ ಹಾರುವುದೂ ಅಮೆರಿಕದ ಜಿಇ ಎಂಜಿನ್ ಮೇಲೆಯೇ. 2024ರ ಮೇನಲ್ಲಿ ಸಿಕ್ಕಿಂ ಆಚೆಯ ಶಿಗಾಟ್ಸೆಯಲ್ಲಿ ಚೀನಾದ ಜೆ-20 ಸ್ಟೆಲ್ತ್ ವಿಮಾನಗಳು ಸಾಲಾಗಿ ನಿಂತಿದ್ದು ಉಪಗ್ರಹದ ಚಿತ್ರಗಳಲ್ಲಿ ಕಂಡಿತ್ತು. ನಮ್ಮದು ವಾಯುಪಡೆಗೆ ಸೇರುವಷ್ಟರಲ್ಲಿ 2035 ಹತ್ತಿರವಾಗುತ್ತದೆ.

ಇದನ್ನೆಲ್ಲ ಕೇಳಿದ ಹುಡುಗ ಆಷಾಢದವರೆಗೂ ಮರೆಯಲಿಲ್ಲ. ಜುಲೈನಲ್ಲಿ ಒಂದು ಪಟ ಮಾಡಿ, ಸೂತ್ರ ಕಟ್ಟಿ, ಬಾಲಂಗೋಚಿ ಮಾತ್ರ ಬೇಡ ಅಂದ. ಸೂತ್ರ ಹಿಂದೆ ಮುಂದೆ ಮಾಡಿ ನಾಲ್ಕು ಸಲ ಹಾರಿಸಿದ. ನಾಲ್ಕನೇ ಸಲ ಅದು ಆರು ಸೆಕೆಂಡ್ ನಿಂತಿತು, ಅವನೇ ಎಣಿಸಿದ. ಆಮೇಲೆ ಗಿರಕಿ ಹೊಡೆದು ಹೋಗಿ ಆಂಟೆನಾ ಕಡ್ಡಿಗೆ ಸಿಕ್ಕಿಕೊಂಡಿತು. ಇನ್ನೂ ಅಲ್ಲೇ ಇದೆ.