ಮಾಸ್ಟಡಾನ್: ಹಳೆಯ ಸರ್ವರ್ ನಡೆಯುತ್ತಿರುವಾಗಲೇ ಹೊರಡಿ

ಬೇರೆ ಬೇರೆಯವರು ನಡೆಸುವ ಹಲವು ಸರ್ವರ್‌ಗಳು ಸೇರಿ ಆಗಿರುವ ಸಾಮಾಜಿಕ ಜಾಲತಾಣ ಮಾಸ್ಟಡಾನ್ ಸೇರಲು ಹೊರಟವರು ನನ್ನನ್ನು ಮೊದಲು ಕೇಳುವುದು, ಯಾವ ಸರ್ವರ್‌ನಲ್ಲಿ ಹೆಚ್ಚು ಜನರಿದ್ದಾರೆ ಎಂದು. ಆಕ್ಟಿವಿಟಿಪಬ್ ಎಂಬ ಸಾಮಾನ್ಯ ನಿಯಮಾವಳಿಯಿಂದಾಗಿ ಒಂದು ಸರ್ವರ್‌ನವರು ಇನ್ನೊಂದರಲ್ಲಿರುವವರನ್ನು ಹಿಂಬಾಲಿಸಬಹುದಾದ್ದರಿಂದ ಜನಸಂಖ್ಯೆ ಅಷ್ಟು ಮುಖ್ಯವಲ್ಲ. ಸರ್ವರ್ ನಿರ್ವಹಣೆಯನ್ನೇ ವೃತ್ತಿಯಾಗಿಸಿಕೊಂಡಿರುವ ನನಗೆ ಮುಖ್ಯವೆನಿಸುವುದು ಅದನ್ನು ನಡೆಸುವವರು ಯಾರು, ಖರ್ಚಿಗೆ ಹಣ ಎಲ್ಲಿಂದ ಬರುತ್ತದೆ, ಅವರು ಹಾಸಿಗೆ ಹಿಡಿದರೆ ನೋಡಿಕೊಳ್ಳಲು ಇನ್ನೊಬ್ಬರಿದ್ದಾರೆಯೇ ಎಂಬುದು. ಮಾಸ್ಟಡಾನ್‌ನ ಅಧಿಕೃತ ಪಟ್ಟಿಗೆ ಸೇರುವ ಸರ್ವರ್‌ಗಳು ಪ್ರತಿದಿನ ಬ್ಯಾಕಪ್ ತೆಗೆಯುವುದಾಗಿಯೂ, ತುರ್ತಿಗೆ ಕನಿಷ್ಠ ಇನ್ನೊಬ್ಬರಿಗೆ ಪ್ರವೇಶ ಕೊಟ್ಟಿರುವುದಾಗಿಯೂ, ಮುಚ್ಚುವುದಾದರೆ 3 ತಿಂಗಳು ಮೊದಲೇ ತಿಳಿಸುವುದಾಗಿಯೂ ಒಪ್ಪಿಕೊಳ್ಳಬೇಕು. ಪಟ್ಟಿಯ ಹೊರಗಿನ ಸರ್ವರ್ ಆದರೆ ಇವನ್ನು ಅಡ್ಮಿನ್ ಅವರಿಗೇ ಬರೆದು ಕೇಳಿ; ಉತ್ತರ ಬಾರದಿದ್ದರೆ ಅಲ್ಲಿ ಖಾತೆ ತೆರೆಯಬೇಡಿ.

ಸರ್ವರ್ ಬದಲಿಸುವಾಗ ಹಿಂಬಾಲಕರನ್ನೂ ಜೊತೆಗೆ ಕರೆದೊಯ್ಯುವ ಸೌಲಭ್ಯ 2019ರ 3.0 ಆವೃತ್ತಿಯಲ್ಲಿ ಬಂತು. ಮೊದಲು ಹೊಸ ಖಾತೆಯ ಸೆಟ್ಟಿಂಗ್ಸ್‌ನಲ್ಲಿ ಹಳೆಯ ವಿಳಾಸವನ್ನು ನಮೂದಿಸಿ, ಆಮೇಲೆ ಹಳೆಯ ಖಾತೆಗೆ ಹೋಗಿ ವರ್ಗಾವಣೆಗೆ ಒಪ್ಪಿಗೆ ಕೊಡಬೇಕು. ಹಲವರು ಈ ಕ್ರಮವನ್ನು ತಿರುವುಮುರುವು ಮಾಡಿ ದೋಷ ಸಂದೇಶ ಕಂಡು ಗಾಬರಿಯಾಗುತ್ತಾರೆ. ಒಪ್ಪಿಗೆ ಸಿಕ್ಕ ಕೂಡಲೇ ಹಳೆಯ ಸರ್ವರ್ ನಿಮ್ಮ ಹಿಂಬಾಲಕರಿರುವ ಸರ್ವರ್‌ಗಳಿಗೆಲ್ಲ ಸುದ್ದಿ ಕಳಿಸುತ್ತದೆ, ಅವು ತಮ್ಮವರನ್ನು ಹೊಸ ಖಾತೆಗೆ ಜೋಡಿಸುತ್ತವೆ. ಸುದ್ದಿ ಕಳಿಸಬೇಕಾದದ್ದು ಹಳೆಯ ಸರ್ವರ್ ಎಂಬುದನ್ನು ದಯವಿಟ್ಟು ಗಮನಿಸಿ. 2024ರ ಫೆಬ್ರುವರಿಯಲ್ಲಿ ಕ್ವೀರ್ ಡಾಟ್ ಎಎಫ್ ಎಂಬ ಸರ್ವರ್‌ನ ಡೊಮೈನ್ ಅನ್ನು, ಎಂದರೆ ಅದರ ಅಂತರ್ಜಾಲ ವಿಳಾಸವನ್ನು, ತಾಲಿಬಾನ್ ಆಡಳಿತ ಅಮಾನತುಗೊಳಿಸಿತು, ಏಕೆಂದರೆ ಎಎಫ್ ಎಂಬುದು ಅಫ್ಗಾನಿಸ್ತಾನದ ಡೊಮೈನ್. ವಿಳಾಸವೇ ಕೆಲಸ ಮಾಡದಿದ್ದ ಮೇಲೆ ಆ ಸುದ್ದಿ ಹೊರಡುವುದಾದರೂ ಎಲ್ಲಿಂದ? ಸರ್ವರ್‌ನ ಹೆಸರಿನ ಕೊನೆಯ ಎರಡು ಅಕ್ಷರ ಯಾವ ದೇಶದ್ದೆಂದು ನೋಡಿಕೊಳ್ಳಲು ನಾನು ಹೇಳುವುದು ಇದಕ್ಕಾಗಿಯೇ.

ಪೋಸ್ಟ್‌ಗಳು ಮಾತ್ರ ಜೊತೆಗೆ ಬರುವುದಿಲ್ಲ. ನಿವೃತ್ತ ಶಿಕ್ಷಕಿಯೊಬ್ಬರ ಖಾತೆಯನ್ನು ನಾನೇ ಕುಳಿತು ವರ್ಗಾಯಿಸಿಕೊಟ್ಟಿದ್ದೆ. ಹೊಸ ಪುಟದಲ್ಲಿ ಹಿಂಬಾಲಕರ ಸಂಖ್ಯೆ ಒಂದೊಂದಾಗಿ ಏರುವುದನ್ನು ಸಂತೋಷದಿಂದ ನೋಡುತ್ತಿದ್ದವರು ಕೆಳಗೆ ಸರಿಸಿ ನೋಡಿ, “ಅಲ್ಲಪ್ಪಾ, ನಾನು ಬರೆದದ್ದೆಲ್ಲ ಎಲ್ಲಿ ಹೋಯಿತು?” ಎಂದರು. ಅವರು ಎರಡು ವರ್ಷ ಹಕ್ಕಿಗಳ ಬಗ್ಗೆ ಬರೆದದ್ದು ಹಳೆಯ ಖಾತೆಯಲ್ಲೇ ಉಳಿದಿತ್ತು. ಇದನ್ನು ನಾನು ಮೊದಲೇ ಹೇಳಬೇಕಿತ್ತು. ಬರಹಗಳ ಸಂಗ್ರಹವನ್ನು ಇಳಿಸಿಕೊಳ್ಳಬಹುದೇ ಹೊರತು ಹೊಸ ಮಾಸ್ಟಡಾನ್ ಖಾತೆಗೆ ಅದನ್ನು ಏರಿಸಲು ದಾರಿಯಿಲ್ಲ.

ನೀವು ಹಿಂಬಾಲಿಸುವವರು, ನಿರ್ಬಂಧಿಸಿದವರು, ಬುಕ್‌ಮಾರ್ಕ್‌ಗಳು, ಇವುಗಳ ಸಿಎಸ್‌ವಿ (ಪಟ್ಟಿ ರೂಪದ) ಕಡತಗಳನ್ನು ತಿಂಗಳಿಗೊಮ್ಮೆ ಇಳಿಸಿಟ್ಟುಕೊಂಡರೆ ಸರ್ವರ್ ಮುಚ್ಚಿದರೂ ಇನ್ನೊಂದು ಕಡೆ ಏರಿಸಬಹುದು. ನಿಮ್ಮ ಹಿಂಬಾಲಕರ ಪಟ್ಟಿಗೆ ಮಾತ್ರ ಅಲ್ಲಿ ಅಂಥ ಕಡತವಿಲ್ಲ, ಇನ್ನೊಬ್ಬರಿಂದ ಬಲವಂತವಾಗಿ ಹಿಂಬಾಲಿಸಿಕೊಳ್ಳುವಂತಿಲ್ಲವಾದ್ದರಿಂದ ಅದನ್ನು ಏರಿಸಲೂ ಬರುವುದಿಲ್ಲ; ಹಳೆಯ ಸರ್ವರ್ ನಿಂತುಹೋಗಿದ್ದರೆ ನೆನಪಿರುವ ಒಬ್ಬೊಬ್ಬರಿಗೂ ನೀವೇ ಹೊಸ ವಿಳಾಸ ತಿಳಿಸಬೇಕಾಗುತ್ತದೆ.