ಮೊಸಳೆ ಕುಕೀ ಮೊಸಳೆಯಾಗಿಯೇ ಉಳಿಯಬೇಕಾದರೆ

"ಅಕ್ಕಾ, ಅಚ್ಚು ಒತ್ತುವಾಗ ಚಂದ ಇತ್ತು. ಓವನ್‌ನಿಂದ ತೆಗೆಯುವಾಗ ಎಲ್ಲ ಉರುಂಟಾಗಿದೆ." ಕುಂಬಳೆ, ಬದಿಯಡ್ಕ, ಮಂಜೇಶ್ವರ ಕಡೆಯಿಂದ ನನ್ನ ಬೇಕಿಂಗ್ ತರಗತಿಗೆ ಬರುವವರು ಜಾಸ್ತಿ ಹೇಳುವ ಮಾತು ಇದು. ಜೊತೆಗೆ ಅವರು ಮಾಡಿದ ಮಸಾಲೆ ಕುಕೀಸ್‌ನ ಒಂದು ಫೋಟೊ ಬರುತ್ತದೆ. ಆನೆಗೆ ಸೊಂಡಿಲಿಲ್ಲ, ನಕ್ಷತ್ರಕ್ಕೆ ಮೂಲೆಗಳಿಲ್ಲ. ರುಚಿ ಚೆನ್ನಾಗಿಯೇ ಇರುತ್ತದೆ. ಆದರೆ ಮಕ್ಕಳು ಕಾದು ಕೂತದ್ದು ಆನೆಗೆ ಅಲ್ವಾ?

ಹೆಚ್ಚಿನವರು ಓವನ್ನನ್ನು ದೂರುತ್ತಾರೆ. ಆಕಾರ ಹಾಳಾಗುವುದು ಅದಕ್ಕೂ ಮೊದಲೇ, ನಮ್ಮ ಅಡುಗೆಮನೆಯ ಸೆಕೆಯಲ್ಲಿ. ಮಸಾಲೆ ಕುಕೀಸ್‌ನ ರೆಸಿಪಿಗಳು ಬಹುಪಾಲು ಯುರೋಪ್, ಅಮೆರಿಕದಿಂದ ಬಂದವು. ಬೆಣ್ಣೆಯನ್ನು ಫ್ರಿಜ್‌ನಿಂದ ತೆಗೆದು ಸ್ವಲ್ಪ ಹೊತ್ತು ಹೊರಗಿಡಿ ಎಂದು ಅವರು ಬರೆಯುವಾಗ ಅಲ್ಲಿನ ಕೋಣೆ ಸುಮಾರು 20 ಡಿಗ್ರಿ ಇರುತ್ತದೆ. ಕಾಸರಗೋಡಿನಲ್ಲಿ ಎಪ್ರಿಲ್ ಮಧ್ಯಾಹ್ನ ಒಲೆ ಉರಿಯುವ ಅಡುಗೆಮನೆ 33 ಡಿಗ್ರಿ ದಾಟುತ್ತದೆ. ಬೆಣ್ಣೆ ಕರಗುವುದು 32ರಿಂದ 35 ಡಿಗ್ರಿಯ ಆಸುಪಾಸಿನಲ್ಲಿ. ನಾವು ಕಲಸುತ್ತಿರುವಾಗಲೇ ಅದು ಎಣ್ಣೆಯಾಗಲು ಶುರುವಾಗಿರುತ್ತದೆ.

ಗಟ್ಟಿ ಬೆಣ್ಣೆ ಇರುವ ಹಿಟ್ಟು ಓವನ್‌ಗೆ ಹೋದರೆ ಬೆಣ್ಣೆ ಕರಗಲು ಸಮಯ ಬೇಕು. ಅಷ್ಟರಲ್ಲಿ ಮೈದಾದ ಅಂಚು ಬೆಂದು ಗಟ್ಟಿಯಾಗುತ್ತದೆ, ಆಕಾರ ನಿಲ್ಲುತ್ತದೆ. ಮೊದಲೇ ಮೆತ್ತಗಾದ ಬೆಣ್ಣೆ ಬಿಸಿ ತಾಗಿದ ಕೂಡಲೇ ಹರಡುತ್ತದೆ. ಹಾಗಾಗಿ ನಮ್ಮ ಊರಲ್ಲಿ ಈ ಕುಕೀಸ್ ಮಾಡುವವರ ನಿಜವಾದ ಕೆಲಸ ಹಿಟ್ಟನ್ನು ತಣ್ಣಗಿಡುವುದು. ಉಳಿದದ್ದೆಲ್ಲ ಅದರ ನಂತರ.

ಈಗ ಹಿಟ್ಟು. 350 ಗ್ರಾಂ ಮೈದಾ, 125 ಗ್ರಾಂ ಉಪ್ಪಿಲ್ಲದ ಬೆಣ್ಣೆ, 150 ಗ್ರಾಂ ಓಲೆಬೆಲ್ಲ (ತಾಳೆಬೆಲ್ಲ), ಒಂದು ಮೊಟ್ಟೆಯ ಹಳದಿ, ಕಾಲು ಚಮಚ ಉಪ್ಪು, ಕಾಲು ಚಮಚ ಅಡುಗೆ ಸೋಡಾ. ಮೊಟ್ಟೆ ತಿನ್ನದ ಮನೆಯವರು ಹಳದಿಯ ಬದಲು ಒಂದು ದೊಡ್ಡ ಚಮಚ ಹಾಲು ಹಾಕಿ, ಏನೂ ಕೆಡುವುದಿಲ್ಲ. ಸೋಡಾ ಇರುವುದು ಬಣ್ಣಕ್ಕೆ ಮತ್ತು ಸ್ವಲ್ಪ ಹಗುರಾಗಲು. ಜಾಸ್ತಿ ಹಾಕಿದರೆ ಉಬ್ಬುತ್ತದೆ, ಅಂಚು ಮೊಂಡಾಗುತ್ತದೆ. ಬೇಕಿಂಗ್ ಪೌಡರ್ ಬೇಡವೇ ಬೇಡ.

ಹೊರಗಿನ ರೆಸಿಪಿಗಳಲ್ಲಿ ಮೊಲಾಸಿಸ್ ಎಂಬ ಕಪ್ಪು ಕಾಕಂಬಿ ಹಾಕುತ್ತಾರೆ. ಅದನ್ನು ಹುಡುಕಿಕೊಂಡು ಮಂಗಳೂರಿಗೆ ಹೋಗುವುದು ಸುಮ್ನೆ ಖರ್ಚು. ನಮ್ಮ ಓಲೆಬೆಲ್ಲಕ್ಕೆ ಹೊಗೆಯ ವಾಸನೆ, ತುಸು ಕಹಿ, ಗಾಢ ಬಣ್ಣ ಎಲ್ಲ ಇದೆ. ನನಗಂತೂ ಇದೇ ಹೆಚ್ಚು ಇಷ್ಟ. ಎರಡು ದೊಡ್ಡ ಚಮಚ ನೀರು ಹಾಕಿ ಸಣ್ಣ ಉರಿಯಲ್ಲಿ ಕರಗಿಸಿ, ಸೋಸಿ. ಸೋಸಲು ಮರೆಯಬೇಡಿ, ಬೆಲ್ಲದಲ್ಲಿ ಮರಳು ಇದ್ದೇ ಇರುತ್ತದೆ. ಪೂರ್ತಿ ತಣ್ಣಗಾದ ಮೇಲೆಯೇ ಬೆಣ್ಣೆಗೆ ಸೇರಿಸಿ.

ಮಸಾಲೆಗೆ ಎರಡು ಚಮಚ ಒಣಶುಂಠಿ ಪುಡಿ, ಒಂದೂವರೆ ಚಮಚ ದಾಲ್ಚಿನ್ನಿ, ಲವಂಗ ಮತ್ತು ಜಾಯಿಕಾಯಿ ಕಾಲು ಕಾಲು ಚಮಚ. ಇದರ ಮೇಲೆ ಕಾಲು ಚಮಚ ಒಳ್ಳೆಮೆಣಸಿನ (ಕಾಳುಮೆಣಸಿನ) ಪುಡಿ. ಮೆಣಸು ಕೇಳಿ ಹುಬ್ಬೇರಿಸುವವರಿದ್ದಾರೆ. ಜರ್ಮನಿಯ ಮಸಾಲೆ ಕುಕೀಸ್‌ನಲ್ಲೂ ಮೆಣಸು ಹಾಕುವ ಪದ್ಧತಿ ಇದೆ, ಮತ್ತು ಆ ಮೆಣಸು ಶತಮಾನಗಳ ಕಾಲ ಅವರಿಗೆ ಹೋದದ್ದು ನಮ್ಮ ಈ ಮಲಬಾರ್ ಕರಾವಳಿಯಿಂದಲೇ. ದಾಲ್ಚಿನ್ನಿ ಎಂದು ಅಂಗಡಿಯಲ್ಲಿ ಸಿಗುವ ದಪ್ಪ ತೊಗಟೆ ಹೆಚ್ಚಾಗಿ ಕ್ಯಾಸಿಯಾ ಎಂಬ ಬೇರೆ ಮರದ್ದು. ಅದು ಖಾರ, ಒರಟು. ತೋಟದಲ್ಲಿ ದಾಲ್ಚಿನ್ನಿ ಮರ ಇದ್ದರೆ ತೆಳು ಒಳತೊಗಟೆಯನ್ನೇ ಒಣಗಿಸಿ ಪುಡಿ ಮಾಡಿ. ಪುಡಿ ಆಗಷ್ಟೇ ಮಾಡಿದ್ದಿರಲಿ. ಮಳೆಗಾಲ ಕಳೆದ ಡಬ್ಬಿಯ ಪುಡಿಯಲ್ಲಿ ಪರಿಮಳ ಉಳಿದಿರುವುದಿಲ್ಲ.

ದಾಲ್ಚಿನ್ನಿ ಎಂದಾಗ ಪಕ್ಕದ ಕಣ್ಣೂರು ಜಿಲ್ಲೆಯ ತಲಶ್ಶೇರಿ ನೆನಪಾಗುತ್ತದೆ. ಅಲ್ಲಿ 1880ರಲ್ಲಿ ಮಂಬಳ್ಳಿ ಬಾಪು ಬಿಸ್ಕೆಟ್ ಫ್ಯಾಕ್ಟರಿ ಶುರು ಮಾಡಿದರು. 1883ರಲ್ಲಿ ಮರ್ಡಕ್ ಬ್ರೌನ್ ಎಂಬ ತೋಟದ ಯಜಮಾನ ಇಂಗ್ಲೆಂಡಿನಿಂದ ತಂದ ಕ್ರಿಸ್ಮಸ್ ಕೇಕನ್ನು ತೋರಿಸಿ, ಇಂಥದ್ದೇ ಮಾಡಿಕೊಡು ಎಂದು ಬಾಪುವನ್ನು ಕೇಳಿದರಂತೆ. ಬ್ರೌನ್‌ಗೆ ಇದ್ದದ್ದು ಅಂಜರಕಂಡಿಯ ದಾಲ್ಚಿನ್ನಿ ತೋಟ. ಬೇಕಿಂಗ್ ನಮಗೆ ಹೊರಗಿನದ್ದು ಎನ್ನುವವರಿಗೆ ನಾನು ಈ ಕಥೆ ಹೇಳುತ್ತೇನೆ.

ಹಿಟ್ಟು ಕಲಸಿದ ಮೇಲೆ ಒಂದು ಕ್ರಮ ಬದಲಿಸಿಕೊಳ್ಳಿ. ಸಾಮಾನ್ಯವಾಗಿ ಉಂಡೆ ಮಾಡಿ ಫ್ರಿಜ್‌ನಲ್ಲಿಟ್ಟು ನಂತರ ಲಟ್ಟಿಸಲು ಹೇಳುತ್ತಾರೆ. ಇಲ್ಲಿ ಅದು ಕಷ್ಟ. ಕಲ್ಲಾದ ಉಂಡೆ ಮೆತ್ತಗಾಗಲಿ ಎಂದು ಕಾಯುವಷ್ಟರಲ್ಲಿ ಅಂಚು ಜಿಡ್ಡಾಗುತ್ತದೆ, ನಡು ಗಟ್ಟಿಯೇ ಇರುತ್ತದೆ. ಬದಲಿಗೆ ಮೆತ್ತಗಿರುವಾಗಲೇ ಎರಡು ಬೇಕಿಂಗ್ ಪೇಪರಿನ ನಡುವೆ ಇಟ್ಟು ಲಟ್ಟಿಸಿ, ಹಾಳೆಯ ಸಮೇತ ಟ್ರೇಯಲ್ಲಿ ಫ್ರಿಜ್‌ಗೆ ಹಾಕಿ. ದಪ್ಪ ಅರ್ಧ ಸೆಂಟಿಮೀಟರ್. ಎಲ್ಲ ಕಡೆ ಸಮ ಇರಲು ಬಡಗಿಯಿಂದ ಅಷ್ಟೇ ದಪ್ಪದ ಎರಡು ರೀಪಿನ ತುಂಡು ಕೇಳಿ ತಂದಿಟ್ಟುಕೊಳ್ಳಿ. ಹಿಟ್ಟಿನ ಎರಡೂ ಬದಿಗೆ ಅವನ್ನಿಟ್ಟು ಲಟ್ಟಣಿಗೆಯನ್ನು ಅವುಗಳ ಮೇಲೆಯೇ ಓಡಿಸಿದರೆ ಸಾಕು. ಒಂದು ರಾತ್ರಿ ಫ್ರಿಜ್‌ನಲ್ಲಿ ಕೂತರೆ ಮಸಾಲೆಯೂ ಹಿಟ್ಟಿಗೆ ಹಿಡಿಯುತ್ತದೆ. ಮರುದಿನ ಅಚ್ಚು ಒತ್ತಿ, ಕತ್ತರಿಸಿದ ಆಕಾರಗಳನ್ನು ಮತ್ತೆ 15 ನಿಮಿಷ ಫ್ರೀಜರ್‌ನಲ್ಲಿಟ್ಟು ನೇರ ಓವನ್‌ಗೆ.

ಆಕಾರಗಳ ವಿಷಯ ನನಗೆ ಎಲ್ಲಕ್ಕಿಂತ ಪ್ರಿಯ. ಅಂಗಡಿಯ ಅಚ್ಚಿನಲ್ಲಿ ಹಿಮಮಾನವ, ಪೈನ್ ಮರ ಸಿಗುತ್ತವೆ. ನಮ್ಮ ಮಕ್ಕಳಿಗೆ ಬೇಕಾದದ್ದು ಬೇರೆ. ಅನಂತಪುರ ದೇವಸ್ಥಾನದ ಕೆರೆಯ ಮೊಸಳೆ ಬಬಿಯಾ 2022ರ ಅಕ್ಟೋಬರಿನಲ್ಲಿ ತೀರಿಕೊಂಡ ಮೇಲೆ ಮೊಸಳೆ ಆಕಾರವನ್ನು ಎಷ್ಟೋ ಮಕ್ಕಳು ಕೇಳಿದ್ದಾರೆ. ಯಕ್ಷಗಾನದ ಕಿರೀಟ, ಹಲಸಿನ ಹಣ್ಣು, ಗೇರುಹಣ್ಣು ಇವೆಲ್ಲ ಮಾಡಬಹುದು. ಹಳೆಯ ಪ್ಲಾಸ್ಟಿಕ್ ಫೈಲಿನ ಹಾಳೆಯನ್ನು ಚೆನ್ನಾಗಿ ತೊಳೆದು, ಅದರಲ್ಲಿ ಚಿತ್ರ ಕತ್ತರಿಸಿ, ತಣ್ಣನೆಯ ಹಿಟ್ಟಿನ ಮೇಲಿಟ್ಟು ಚೂಪು ಚಾಕುವಿನಿಂದ ಸುತ್ತ ಕೊಯ್ದರಾಯಿತು.

ಚಿತ್ರ ಬಿಡಿಸುವಾಗ ತೆಳುವಾದ ಜಾಗಗಳನ್ನು ನೋಡಿಕೊಳ್ಳಿ. ಬೆರಳಿಗಿಂತ ಸಪೂರ ಇರುವ ಯಾವುದೂ ಮೊದಲು ಕರಟುತ್ತದೆ, ನಂತರ ಮುರಿಯುತ್ತದೆ. ಮೊಸಳೆಯ ಬಾಲವನ್ನು ಹಿಂದಕ್ಕೆ ಚಾಚಬೇಡಿ, ಬಳಸಿ ತಂದು ಹಿಂಗಾಲಿಗೆ ಅಂಟಿಸಿ. ಆನೆಯ ಸೊಂಡಿಲು ಮುಂಗಾಲಿಗೆ ತಾಗಿರಲಿ. ಗೇರುಹಣ್ಣಿನಲ್ಲಿ ಬೀಜ ಕೆಳಗೆ ತೂಗುವ ಜಾಗವೇ ಕಷ್ಟದ್ದು. ನಿಜವಾದ ಹಣ್ಣಿನಲ್ಲಿ ಅಲ್ಲಿ ಇಕ್ಕಟ್ಟು. ಕುಕೀಯಲ್ಲಿ ಅದನ್ನು ಹೆಬ್ಬೆರಳಿನಷ್ಟು ಅಗಲ ಮಾಡಿ, ಇಕ್ಕಟ್ಟಾಗಿ ಕಾಣುವ ಹಾಗೆ ಐಸಿಂಗ್ ಎಂಬ ಸಕ್ಕರೆ ಲೇಪದಲ್ಲಿ ಗೆರೆ ಎಳೆಯಿರಿ. ಹಲಸಿನ ಮುಳ್ಳಿಗೆ, ಹಿಟ್ಟು ತಣ್ಣಗಿರುವಾಗ ತುರಿಮಣೆಯ ಸಣ್ಣ ಹಲ್ಲಿನ ಬದಿಯನ್ನು ಮೆಲ್ಲನೆ ಒತ್ತಿ ತೆಗೆಯಿರಿ. ಹಿಟ್ಟು ನಿಜವಾಗಿ ತಣ್ಣಗಿದ್ದರೆ ಬೇಯಿಸಿದ ಮೇಲೂ ಪ್ರತಿ ಚುಕ್ಕೆ ಹಾಗೇ ಇರುತ್ತದೆ.

ಒಂದು ಟ್ರೇಯಲ್ಲಿ ಒಂದೇ ಗಾತ್ರದವು ಇರಲಿ. ಓಟಿಜಿಯನ್ನು (ಮನೆಬಳಕೆಯ ಸಣ್ಣ ಕರೆಂಟ್ ಓವನ್) ಮೇಲೆ ಕೆಳಗೆ ಎರಡೂ ರಾಡ್ ಹಾಕಿ 15 ನಿಮಿಷ ಕಾಯಿಸಿ, 170 ಡಿಗ್ರಿಯಲ್ಲಿ 10ರಿಂದ 12 ನಿಮಿಷ ಬೇಯಿಸಿ. ಮಧ್ಯದಲ್ಲಿ ಟ್ರೇ ತಿರುಗಿಸಿ. ಬೆಲ್ಲದ ಬಣ್ಣದಿಂದಾಗಿ ಮೇಲಿನಿಂದ ಬೆಂದದ್ದು ಗೊತ್ತಾಗುವುದಿಲ್ಲ, ಒಂದನ್ನು ಎತ್ತಿ ತಳ ನೋಡಬೇಕು. ಹೊರತೆಗೆದಾಗ ಮೆತ್ತಗಿರುತ್ತದೆ. ಐದು ನಿಮಿಷ ಮುಟ್ಟಬೇಡಿ.

ಇನ್ನು ಅಲಂಕಾರ. ರಾಯಲ್ ಐಸಿಂಗ್‌ಗೆ 250 ಗ್ರಾಂ ಐಸಿಂಗ್ ಸಕ್ಕರೆ, 15 ಗ್ರಾಂ ಮೆರಿಂಗ್ ಪೌಡರ್ (ಮೊಟ್ಟೆಯ ಬಿಳಿಯನ್ನು ಒಣಗಿಸಿ ಮಾಡಿದ ಪುಡಿ), ಮೂರು ದೊಡ್ಡ ಚಮಚ ನೀರು. ಹಸಿ ಮೊಟ್ಟೆಯ ಬಿಳಿಯಿಂದಲೂ ಆಗುತ್ತದೆ. ಆದರೆ ಅದನ್ನು ಬೇಯಿಸುವುದಿಲ್ಲವಲ್ಲ, ಮಕ್ಕಳಿಗೆ, ಬಸುರಿಯರಿಗೆ, ವಯಸ್ಸಾದವರಿಗೆ ಕೊಡುವ ಕುಕೀಗೆ ನಾನು ಬಳಸುವುದಿಲ್ಲ. ಮೊಟ್ಟೆಯೇ ಬೇಡ ಎನ್ನುವವರಿಗೆ ಕಾಬೂಲಿ ಕಡಲೆ ಇದೆ. ಉಪ್ಪು ಹಾಕದೆ ಬೇಯಿಸಿದ ಕಡಲೆಯ ನೀರನ್ನು ಅಂಟಂಟಾಗುವವರೆಗೆ ಕುದಿಸಿ ಇಳಿಸಿ, ತಣಿಸಿ, ಮೂರು ದೊಡ್ಡ ಚಮಚಕ್ಕೆ 250 ಗ್ರಾಂ ಐಸಿಂಗ್ ಸಕ್ಕರೆ, ಎರಡು ಹನಿ ಲಿಂಬೆರಸ ಹಾಕಿ ಚೆನ್ನಾಗಿ ಕಡೆಯಿರಿ. ಕಡಲೆಯ ವಾಸನೆ ಉಳಿಯುವುದಿಲ್ಲ. ಪಾತ್ರೆಯಲ್ಲಿ ಎಣ್ಣೆ ಜಿಡ್ಡು ಇದ್ದರೆ ಮಾತ್ರ ನೊರೆ ಏಳುವುದಿಲ್ಲ.

ಚಾಕುವಿನಿಂದ ಐಸಿಂಗ್ ಮೇಲೆ ಗೆರೆ ಎಳೆಯಿರಿ. ಗೆರೆ 10–12 ಸೆಕೆಂಡಿನಲ್ಲಿ ಮುಚ್ಚಿದರೆ ಒಳಗೆ ತುಂಬಲು ಸರಿ. ಅಂಚು ಎಳೆಯಲು ಇನ್ನೂ ಗಟ್ಟಿ ಬೇಕು, 20 ಸೆಕೆಂಡಿನಷ್ಟು. ಮದರಂಗಿ ಕೋನ್ ಹಿಡಿದ ಕೈಗೆ ಇದು ಬೇಗ ಒಲಿಯುತ್ತದೆ. ತುದಿಯನ್ನು ಕುಕೀಗೆ ತಾಗಿಸಬೇಡಿ. ಸ್ವಲ್ಪ ಎತ್ತರದಿಂದ ದಾರ ಇಳಿಬಿಡುವ ಹಾಗೆ ಬಿಟ್ಟರೆ ಗೆರೆ ನೇರ ಬರುತ್ತದೆ.

ಐಸಿಂಗ್‌ಗೆ ನಮ್ಮ ಊರಿನ ದೊಡ್ಡ ಶತ್ರು ತೇವ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಗಾಳಿಯಲ್ಲಿ ಇದು ಒಣಗುವುದೇ ಇಲ್ಲ. ಮೇಲ್ಮೈ ಮಂಕಾಗುತ್ತದೆ, ಕೆಂಪು ಬಣ್ಣ ಪಕ್ಕದ ಬಿಳಿಗೆ ಹರಿಯುತ್ತದೆ. ಆದ್ದರಿಂದ ಬಣ್ಣ ತುಂಬಿದ ಕೂಡಲೇ ಫ್ಯಾನಿನ ಕೆಳಗಿಡಿ. ಇಲ್ಲವೇ 40–45 ಡಿಗ್ರಿಯ ಓವನ್‌ನಲ್ಲಿ ಬಾಗಿಲು ಸ್ವಲ್ಪ ತೆರೆದಿಟ್ಟು ಅರ್ಧ ಗಂಟೆ ಒಣಗಿಸಿ. ಕಣ್ಣು, ಮೂಗು, ಗೆರೆಗಳನ್ನು ಮರುದಿನವೇ ಮಾಡಿ. ಬೇಗ ಒಣಗಲಿ ಎಂದು ಫ್ರಿಜ್‌ಗೆ ಹಾಕುವವರಿದ್ದಾರೆ, ದಯವಿಟ್ಟು ಬೇಡ. ಹೊರತೆಗೆದ ಕ್ಷಣ ನೀರು ಕೂತು ಬಣ್ಣ ಪೂರ್ತಿ ಕಲಸಿಹೋಗುತ್ತದೆ. ಮಳೆಗಾಲದಲ್ಲಿ ಹುಟ್ಟುಹಬ್ಬಕ್ಕೆ ಮಾಡಿಕೊಡಿ ಎಂದವರಿಗೆ ನಾನು ಐಸಿಂಗ್ ಬದಲು ಒತ್ತಿದ ವಿನ್ಯಾಸ, ಎಳ್ಳು, ಗೇರುಬೀಜದ ಚೂರು ಸೂಚಿಸುತ್ತೇನೆ. ಅವು ಕೂಡ ಚಂದವೇ. ಬಣ್ಣದ ಕೆಲಸಕ್ಕೆ ಡಿಸೆಂಬರ್, ಜನವರಿ ಒಳ್ಳೆಯದು. ಬೇಳದ ಕೊಂಕಣಿ ಕ್ರೈಸ್ತ ಮನೆಗಳಲ್ಲಿ ಕುಸ್ವಾರ್‌ಗೆ, ಅಂದರೆ ಕ್ರಿಸ್ಮಸ್ ತಿಂಡಿಗಳಿಗೆ, ಅಚ್ಚಿನಲ್ಲಿ ಹೂವಿನಾಕಾರದ ಕೊಕ್ಕಿಸಾಂ ಕರಿಯುವ ಆ ದಿನಗಳಲ್ಲಿ ಗಾಳಿ ಒಣಗಿರುತ್ತದೆ.

ಬೆಲ್ಲ ತೇವ ಎಳೆಯುವುದರಿಂದ ಬಿಸ್ಕೆಟ್ ಡಬ್ಬಿ ಗಟ್ಟಿ ಮುಚ್ಚಳದ್ದಾಗಿರಬೇಕು. ಐಸಿಂಗ್ ಹಾಕದ ಕುಕೀ ಮೆತ್ತಗಾದರೆ 150 ಡಿಗ್ರಿಯಲ್ಲಿ ಐದು ನಿಮಿಷ ಇಟ್ಟು ತಣಿಸಿ, ಮತ್ತೆ ಗರಿಗರಿಯಾಗುತ್ತದೆ. ಅಲಂಕರಿಸಿದವನ್ನು ಹೀಗೆ ಬಿಸಿ ಮಾಡಬೇಡಿ, ಬಿಳಿ ಬಣ್ಣ ಹಳದಿಗೆ ತಿರುಗುತ್ತದೆ. ಬಸ್ಸಿನಲ್ಲಿ ಒಯ್ಯುವುದಾದರೆ ಪ್ರತಿ ಸಾಲಿನ ನಡುವೆ ಬೇಕಿಂಗ್ ಪೇಪರ್ ಹಾಕಿ, ಮೊಸಳೆಗಳನ್ನು ತಳದಲ್ಲೂ ಕಿರೀಟಗಳನ್ನು ಮೇಲೂ ಇಡಿ. ಖಾಲಿ ಜಾಗಕ್ಕೆ ಟಿಶ್ಯೂ ಒತ್ತಿದರೆ ಡಬ್ಬಿಯೊಳಗೆ ಅಲುಗಾಡುವುದಿಲ್ಲ.